ಮೂಲೆ ಮೂಡಿಸುವ ಅಣುಗಳು

ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೋವಿಡೋನ್ ಅಯೋಡಿನ್ ಎಲ್ಲರಿಗೂ ಗೊತ್ತು. ಅದರಲ್ಲಿರುವ ಪೋವಿಡೋನ್ ಎಂಬ ಪಾಲಿಮರನ್ನೇ ರಸಾಯನವಿಜ್ಞಾನಿಗಳು ಪಿವಿಪಿ ಎನ್ನುತ್ತಾರೆ. 2002ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಯುಗಾಂಗ್ ಸನ್ ಮತ್ತು ಯೂನಾನ್ ಶಿಯಾ ಇದನ್ನು ಬಳಸಿ ಬೆಳ್ಳಿಯ ಅಚ್ಚುಕಟ್ಟಾದ ಘನಗಳನ್ನು ಬೆಳೆಸಿದರು. ಬಿಸಿ ಎಥಿಲೀನ್ ಗ್ಲೈಕಾಲ್‌ಗೆ ಸಿಲ್ವರ್ ನೈಟ್ರೇಟ್, ಜೊತೆಗೆ ಪಿವಿಪಿ. ಘನಗಳ ಅಂಚು ಸುಮಾರು 100 ನ್ಯಾನೊಮೀಟರ್, ಎಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು.

ಪಿವಿಪಿಯಂಥ ಸ್ಥಿರಕಾರಿ ಅಣುಗಳ ಮೊದಲ ಕೆಲಸ ಕಾವಲು. ಲೋಹದ ನ್ಯಾನೊಕಣಗಳನ್ನು ದ್ರಾವಣದಲ್ಲಿ ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿ, ಮುದ್ದೆಯಾಗಿ ತಳ ಸೇರುತ್ತವೆ. ಸ್ಥಿರಕಾರಿಗಳು ಕಣದ ಮೈಗೆ ಹತ್ತಿಕೊಂಡು ಅದನ್ನು ತಪ್ಪಿಸುತ್ತವೆ. ಆದರೆ ಅವು ಎಲ್ಲ ಕಡೆಯೂ ಒಂದೇ ಸಮನೆ ಹತ್ತಿಕೊಳ್ಳುವುದಿಲ್ಲ. ಸ್ವಾರಸ್ಯವಿರುವುದೇ ಅಲ್ಲಿ.

ಬೆಳ್ಳಿ ಹರಳಿನ ಒಂದು ಬಗೆಯ ಮುಖದಲ್ಲಿ ಪರಮಾಣುಗಳು ಚೌಕಚೌಕವಾಗಿ ಕೂತಿರುತ್ತವೆ, ಇನ್ನೊಂದು ಬಗೆಯಲ್ಲಿ ತ್ರಿಕೋನಗಳಾಗಿ ಒತ್ತೊತ್ತಾಗಿ. ಪಿವಿಪಿ ಹೆಚ್ಚಾಗಿ ಹಿಡಿಯುವುದು ಚೌಕದ ಮುಖವನ್ನು. ಹೊದಿಕೆ ಬಿದ್ದ ಆ ಮುಖದ ಮೇಲೆ ಹೊಸ ಪರಮಾಣು ಬಂದು ಕೂರುವುದು ನಿಧಾನ. ತ್ರಿಕೋನದ ಮುಖ ಬೇಗಬೇಗ ಬೆಳೆಯುತ್ತದೆ. ಹಾಗಾದರೆ ಕೊನೆಗೆ ಉಳಿಯುವುದು ಅದೇ ತಾನೆ? ಅಲ್ಲ. ಬೇಗ ಬೆಳೆಯುವ ಮುಖ ಹೊರಕ್ಕೆ ಚಾಚುತ್ತ, ಕಿರಿದಾಗುತ್ತ, ಕಡೆಗೆ ಬರೀ ಮೂಲೆಯಾಗಿ ಮುಗಿದುಹೋಗುತ್ತದೆ. ನಿಧಾನವಾಗಿ ಬೆಳೆದ ಆರು ಮುಖಗಳೇ ಉಳಿದು ಘನವಾಗುತ್ತವೆ.

ಸಿಟ್ರೇಟ್ ಎಂಬ ಇನ್ನೊಂದು ಸ್ಥಿರಕಾರಿ ಒಲಿಯುವುದು ತ್ರಿಕೋನದ ಮುಖಕ್ಕೆ. 2010ರಲ್ಲಿ ಶಿಯಾ ಅವರ ತಂಡ ಒಂದೇ ಬಗೆಯ ಬೀಜಹರಳುಗಳಿಂದ ಪಿವಿಪಿ ಬಳಸಿ ಘನಗಳನ್ನೂ, ಸಿಟ್ರೇಟ್ ಬಳಸಿ ಎಂಟು ಮುಖದ ಹರಳುಗಳನ್ನೂ ಪಡೆಯಿತು. ಆಕಾರದ ಜೊತೆ ಬಣ್ಣವೂ ಬದಲಾಗುತ್ತದೆ: ಉರುಟಾದ ಬೆಳ್ಳಿಕಣಗಳ ದ್ರಾವಣ ಹಳದಿ, ತೆಳು ತ್ರಿಕೋನ ಬಿಲ್ಲೆಗಳದ್ದು ನೀಲಿ.

ಚಿನ್ನದ ಕಥೆ ಇನ್ನೂ ನಾಜೂಕು. ಸಿಟ್ಯಾಬ್ ಎಂಬ ಮಾರ್ಜಕ ಬಳಸಿ, ಬೆಳ್ಳಿಯ ಅಯಾನುಗಳ ನೆರವಿನಿಂದ ಚಿನ್ನದ ನ್ಯಾನೊಸರಳುಗಳನ್ನು ಬೆಳೆಸುತ್ತಾರೆ. ಸಿಟ್ಯಾಬ್ ಸರಳಿನ ಪಕ್ಕಗಳನ್ನು ಎರಡು ಪದರವಾಗಿ ಸುತ್ತಿಕೊಂಡಾಗ ಬೆಳವಣಿಗೆ ತುದಿಗಳತ್ತ ಸಾಗುತ್ತದೆ. ಆದರೂ ಅದೇ ವಿಧಾನ ಕೆಲವರ ಕೈಗೆ ಹತ್ತುತ್ತಿರಲಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಬ್ರಯನ್ ಕಾರ್ಗೆಲ್ ತಂಡ ಬೇರೆ ಬೇರೆ ಕಡೆಯ ಸಿಟ್ಯಾಬ್ ತಂದು ಹೋಲಿಸಿ, 2009ರಲ್ಲಿ ಕಾರಣ ಹಿಡಿಯಿತು: ಕೆಲವು ಮಾದರಿಗಳಲ್ಲಿ ಲೇಶಮಾತ್ರ ಅಯೋಡೈಡ್ ಬೆರೆತಿತ್ತು. ಚಿನ್ನಕ್ಕೆ ಬಲವಾಗಿ ಅಂಟುವ ಅದು ಸರಳು ಮೂಡದಂತೆ ತಡೆಯುತ್ತಿತ್ತು. ಅದೇ ಅಯೋಡೈಡ್ ಬೇರೆ ಪ್ರಯೋಗಗಳಲ್ಲಿ ತ್ರಿಕೋನ ಬಿಲ್ಲೆಗಳಿಗೆ ದಾರಿ ಮಾಡಿಕೊಟ್ಟಿದೆ.

ಕ್ಯಾನ್ಸರ್ ಗಡ್ಡೆಯನ್ನು ಬೆಳಕಿನಿಂದ ಕಾಯಿಸಿ ಕೊಲ್ಲುವ ಪ್ರಯೋಗಗಳಿಗೆ ಈ ಸರಳುಗಳು ಬೇಕು. ಸಿಟ್ಯಾಬ್ ಮಾತ್ರ ಜೀವಕೋಶಗಳಿಗೆ ವಿಷ. ಸುಮ್ಮನೆ ತೊಳೆದುಬಿಟ್ಟರೆ ಸರಳುಗಳು ಮುದ್ದೆಗಟ್ಟುತ್ತವೆ. ಹಾಗಾಗಿ ಬೆಳವಣಿಗೆ ಮುಗಿದ ಮೇಲೆ ಅದನ್ನು ತೆಗೆಯುತ್ತಲೇ ಪಿಇಜಿಯಂಥ ನಿರುಪದ್ರವಿ ಅಣುವನ್ನು ಆ ಜಾಗಕ್ಕೆ ತರುತ್ತಾರೆ.