ಆಟಿ ಮಳೆಗೂ ಜಗ್ಗದ ಧ್ಯಾನದ ಕೋಣೆ

ಪುತ್ತೂರು, ಸುಳ್ಯ, ಕಡಬದ ಕಡೆ ತೋಟದ ಮಗ್ಗುಲಲ್ಲೊಂದು ಧ್ಯಾನದ ಕುಟೀರ ಕಟ್ಟುವ ಆಸೆಯೇ? ಇನ್‌ಸ್ಟಾದಲ್ಲಿ ಕಂಡ ಗಾಜಿನ ಪೆಟ್ಟಿಗೆ ಮರೆತುಬಿಡಿ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ತಗಡಿನ ಮಾಡು ಹಾಕಿದರೆ ಆಟಿಯಲ್ಲಿ ಧ್ಯಾನ ಬಿಡಿ, ಪಕ್ಕದವರ ಮಾತೂ ಕೇಳಿಸದು!

ಮೊದಲು ಜಾಗ. ಗುಡ್ಡೆ ಕಡಿದು ಸಮತಟ್ಟು ಮಾಡಬೇಡಿ, ಬರೆ ಜರಿಯುತ್ತದೆ. ಇಳಿಜಾರಿಗೆ ತಕ್ಕಂತೆ ಪಂಚಾಂಗ ಎತ್ತರಿಸಿ.

ಗೋಡೆಗೆ ಮುರಕಲ್ಲೇ ಸೈ. ಕಡಿಯುವಾಗ ಮೆತ್ತಗೆ, ಗಾಳಿಗೊಡ್ಡಿದಷ್ಟೂ ಗಟ್ಟಿ. ಇಟ್ಟಿಗೆಯಂತೆ ಸುಡಬೇಕಿಲ್ಲ, ಕಟ್ಟಿಗೆ ಉಳಿಯಿತು. ಮಾಡಿಗೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರು ಮಾಡಿದ ಅದೇ ಹಂಚು. ಹೊಸತೇ ಬೇಕೆಂದಿಲ್ಲ. ಹಳೆ ಮನೆ ಕೆಡವುವಲ್ಲಿ ಕೇಳಿ ನೋಡಿ, ಹಂಚಿನ ಜತೆ ಪಕ್ಕಾಸು, ರೀಪುಗಳೂ ಸಿಕ್ಕಾವು. ಮರ ಕಡಿಯುವ ಪ್ರಮೇಯವೇ ಇಲ್ಲ.

ಗಾಳಿಮಳೆ ಬರುವುದು ಪಡುವಣದಿಂದ. ಬಾಗಿಲು ಮೂಡಕ್ಕಿರಲಿ, ಪಡುವಣದ ಸೂರು ಧಾರಾಳವಾಗಿ ಚಾಚಲಿ. ಎರಚಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಮರದ ಕಂಬವನ್ನು ಮಣ್ಣಿಗೆ ಊರಬೇಡಿ, ಕಲ್ಲಿನ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ನಿಮಗಿಂತ ಮೊದಲು ಗೆದ್ದಲು ಬಂದು ತಪಸ್ಸಿಗೆ ಕೂತಿರುತ್ತದೆ.

ಪ್ಲಾನ್ ಬರೆಸುವ ಮುನ್ನ ಒಂದು ಮಳೆಗಾಲ ಕಾಯಿರಿ. ಕೊಡೆ ಹಿಡಿದು ಹೋಗಿ, ನೀರು ಎಲ್ಲಿ ಹರಿಯುತ್ತದೆಂದು ನೋಡಿಕೊಂಡು ಬನ್ನಿ.