ಗಾಡ್ಜಿಲಾಗೆ ಹಸಿರು ಬಳಿಯಬೇಡಿ

ಗಾಡ್ಜಿಲಾ ಎಂದರೆ ಹಸಿರು ಬಣ್ಣದ್ದು ಎಂದೇ ಬಹಳ ಜನರ ನಂಬಿಕೆ. ಪೋಸ್ಟರು, ಆಟಿಕೆ, ಕಾರ್ಟೂನುಗಳೆಲ್ಲ ಹಾಗೆಯೇ ಕಲಿಸಿವೆ. ಆದರೆ 1954ರಲ್ಲಿ ಇಶಿರೊ ಹೊಂಡಾ ನಿರ್ದೇಶಿಸಿದ ಮೂಲ ಜಪಾನಿ ಚಿತ್ರ ಕಪ್ಪು-ಬಿಳುಪಿನದು. ಅದರಲ್ಲಿ ನಟ ತೊಟ್ಟ ರಬ್ಬರ್ ದಿರಿಸು ಇದ್ದಿಲಿನಂಥ ಬೂದು. ಅಣುಬಾಂಬಿಗೆ ಸಿಕ್ಕಿಯೂ ಬದುಕುಳಿದವರ ಮೈಮೇಲಿನ ಸುಟ್ಟ ಕಲೆಗಳನ್ನು ನೆನಪಿಸುವಂತೆ ಅದರ ಚರ್ಮವನ್ನು ಗಂಟು ಗಂಟಾಗಿ ರೂಪಿಸಿದ್ದರು. ಬೆರಳುದ್ದದ ಗಾಡ್ಜಿಲಾ ಬೊಂಬೆಯನ್ನು ಮುಂದಿಟ್ಟುಕೊಂಡು ಬ್ರಷ್ ಹಿಡಿದವರಿಗೆ ಇದು ಸಣ್ಣ ಸಂಗತಿಯಲ್ಲ. ಹಸಿರು ಬಳಿದರೆ ಅದು ಓತಿಕ್ಯಾತ. ಬೂದು ಬಳಿದು ಗಂಟುಗಳ ಸಂದಿಗೆ ಕಪ್ಪು ಇಳಿಸಿದರೆ ಹಿರೋಶಿಮಾ.

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನು ಹೂಡಿ ಆಡುವ ಆಟಕ್ಕೂ ವೈಜ್ಞಾನಿಕ ಕತೆಗಳಿಗೂ ನಂಟು ಹಳೆಯದು. ಮಂಗಳ ಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಕಾದಂಬರಿಯನ್ನು 1898ರಲ್ಲಿ ಕೊಟ್ಟ ಎಚ್.ಜಿ. ವೆಲ್ಸ್, 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಹಾಕಿಕೊಟ್ಟರು. ಇಂದು ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವುದು 28 ಮಿಲಿಮೀಟರ್ ಅಳತೆ. ಅಂದರೆ ಮನುಷ್ಯಾಕೃತಿಯೊಂದು ಒಂದಿಂಚಿಗಿಂತ ತುಸು ಎತ್ತರ, ಅಷ್ಟೆ. 1979ರ ‘ಏಲಿಯನ್’ ಚಿತ್ರಕ್ಕೆ ಎಚ್.ಆರ್. ಗೀಗರ್ ಕಲ್ಪಿಸಿದ ಜೀವಿಯ ನೆರಳು ‘ವಾರ್‌ಹ್ಯಾಮರ್’ ಆಟದ ನಾಲ್ಕು ಕೈಗಳ ಜೀನ್‌ಸ್ಟೀಲರ್ ಮೇಲೆ ಬಿದ್ದಿರುವುದು ನೋಡಿದ ಕೂಡಲೇ ತಿಳಿಯುತ್ತದೆ.

ತಮಾಷೆಯೆಂದರೆ, ಪರದೆಯ ಮೇಲೆ ನಮ್ಮನ್ನು ಹೆದರಿಸಿದ ದೈತ್ಯರಲ್ಲಿ ಎಷ್ಟೋ ಮಂದಿ ಮೊದಲಿಗೇ ಮೇಜಿನ ಮೇಲಿನ ಬೊಂಬೆಗಳು. 1933ರ ‘ಕಿಂಗ್ ಕಾಂಗ್’ ಚಿತ್ರದ ಮಹಾವಾನರನ ಮಾದರಿ ಸುಮಾರು ಒಂದೂವರೆ ಅಡಿ ಎತ್ತರದ್ದು. ಒಳಗೆ ಲೋಹದ ಅಸ್ಥಿಪಂಜರ, ಹೊರಗೆ ಮೊಲದ ತುಪ್ಪಳ. ಬೊಂಬೆಗೆ ಚಲನೆ ಕೊಡುವ ಹೊಣೆ ಹೊತ್ತ ವಿಲ್ಲಿಸ್ ಒಬ್ರಿಯನ್ ಅದನ್ನು ಕೂದಲೆಳೆಯಷ್ಟು ಕದಲಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಕದಲಿಸುವುದು. ಹೀಗೆ ಮುಟ್ಟಿದಾಗಲೆಲ್ಲ ಬೆರಳು ತಾಗಿ ತುಪ್ಪಳ ಕೆದರುತ್ತಿತ್ತು. ಚಿತ್ರದಲ್ಲಿ ಕಾಂಗ್‌ನ ಮೈಕೂದಲು ಸುಮ್ಮಸುಮ್ಮನೆ ಅಲುಗಾಡುವುದು ಇದೇ ಕಾರಣಕ್ಕೆ.

ರಾಕ್ಷಸರನ್ನು ಕಲ್ಪಿಸುವುದರಲ್ಲಿ ಹಾಸನದ ಸೀಮೆ ಹಾಲಿವುಡ್‌ಗಿಂತ ಎಂಟು ನೂರು ವರ್ಷ ಮುಂದೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯಲ್ಲಿ ಸಾಲುಗಟ್ಟಿದ ಮಕರವನ್ನೇ ನೋಡಿ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಹೊಸ ಪ್ರಾಣಿ ಬೇಕೆಂದರೆ ಗೊತ್ತಿರುವ ಪ್ರಾಣಿಗಳ ಅಂಗಾಂಗಗಳನ್ನೇ ಜೋಡಿಸಬೇಕು ಎಂಬುದು ಆ ಶಿಲ್ಪಿಗಳಿಗೆ ತಿಳಿದಿತ್ತು. ಇಂದಿನ ಹವ್ಯಾಸಿಗಳೂ ಹತ್ತು ಬೊಂಬೆಗಳ ಬಿಡಿಭಾಗ ಅಂಟಿಸಿ ಮಾಡುವುದು ಅದನ್ನೇ.

ಆದರೆ ಬಣ್ಣ ಹಚ್ಚುವವರು ತಪ್ಪದೆ ನೋಡಬೇಕಾದದ್ದು ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿ. 12ನೇ ಶತಮಾನದ ಆರಂಭದ ಲಕ್ಷ್ಮೀದೇವಿ ದೇವಾಲಯವದು. ಅಲ್ಲಿನ ಕಾಳಿಯ ಗುಡಿಯ ಬಾಗಿಲಿನ ಎರಡೂ ಪಕ್ಕ ಎಲುಬಿನ ಹಂದರದಂಥ ದೊಡ್ಡ ಬೇತಾಳಗಳು ನಿಂತಿವೆ. ಬಳಪದ ಕಲ್ಲಿಗೆ ಬಣ್ಣವಿಲ್ಲ. ಆದರೂ ಪಕ್ಕೆಲುಬುಗಳ ಸಂದಿಯಲ್ಲಿ ಕತ್ತಲು ಕೂತು, ಎಲುಬಿನ ಅಂಚಿಗಷ್ಟೇ ಬೆಳಕು ತಾಗಿ, ನೋಡಿದವರ ಎದೆ ಝಲ್ಲೆನ್ನುತ್ತದೆ. ಭಯ ಬಣ್ಣದಲ್ಲಿಲ್ಲ, ನೆರಳಿನಲ್ಲಿದೆ. ದೊಡ್ಡ ಶಿಲ್ಪದಲ್ಲಿ ಸೂರ್ಯನೋ ದೀಪವೋ ಈ ನೆರಳನ್ನು ತಾನೇ ಬೀಳಿಸುತ್ತದೆ. ಒಂದಿಂಚಿನ ಬೊಂಬೆಯ ತಗ್ಗುಗಳು ಅದಕ್ಕೆ ಸಾಲವು. ಅಲ್ಲಿ ನೆರಳನ್ನು ಬ್ರಷ್‌ನಿಂದಲೇ ಬರೆಯಬೇಕು.

ಬರೆಯುವುದು ಹೀಗೆ. ಮೊದಲು ಬೊಂಬೆಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು, ಜಿಡ್ಡಿದ್ದರೆ ಬಣ್ಣ ಹಿಡಿಯದು. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಹಾಕುವ ತಳಲೇಪ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯುವ ಆತುರ ಬೇಡ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಮೇಲ್ಮೈ ಪುಡಿಪುಡಿಯಾಗಿ ಮಂಕಾಗುತ್ತದೆ. ನಂತರ ನೀರು ಬೆರೆಸಿದ ಅಕ್ರಿಲಿಕ್ ಬಣ್ಣದ ತೆಳು ಲೇಪ, ಒಂದರ ಮೇಲೊಂದು ಎರಡು. ದಪ್ಪಗೆ ಒಂದೇ ಸಲ ಬಳಿದರೆ ಹಲ್ಲು, ಉಗುರು, ಹುರುಪೆ ಎಲ್ಲ ಮುಚ್ಚಿಹೋಗುತ್ತವೆ.

ನಿಜವಾದ ಜಾದೂ ಇರುವುದು ಮುಂದಿನ ಎರಡು ಹಂತದಲ್ಲಿ. ಕಪ್ಪನ್ನೋ ಗಾಢ ಕಂದನ್ನೋ ಚಹಾದಷ್ಟು ತೆಳ್ಳಗೆ ಮಾಡಿ ಇಡೀ ಬೊಂಬೆಯ ಮೇಲೆ ಹರಿಯಬಿಡುತ್ತಾರೆ. ಅದು ಉಬ್ಬುಗಳಿಂದ ಜಾರಿ ತಗ್ಗುಗಳಲ್ಲಿ ನಿಲ್ಲುತ್ತದೆ. ಇದು ವಾಷ್. ಒಣಗಿದ ಮೇಲೆ ತಿಳಿ ಬಣ್ಣ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಇನ್ನೇನು ಬಣ್ಣವೇ ಉಳಿದಿಲ್ಲ ಎನ್ನುವಾಗ ಉಬ್ಬುಗಳ ಮೇಲೆ ಸವರುತ್ತಾರೆ. ಇದು ಡ್ರೈ ಬ್ರಷ್. ಹುರುಪೆಯ ಅಂಚುಗಳು ಒಂದೊಂದಾಗಿ ಎದ್ದು ಬರುವುದನ್ನು ನೋಡುವುದೇ ಸೊಗಸು. ಕಣ್ಣಿನ ಚುಕ್ಕೆ ಕೊನೆಗಿರಲಿ. ಅದು ಒಂಚೂರು ಜರುಗಿದರೂ ರಾಕ್ಷಸ ಮೆಳ್ಳಗಣ್ಣಿನ ಜೋಕರ್ ಆಗಿಬಿಡುತ್ತಾನೆ.

ಹೊರದೇಶದ ಬೊಂಬೆಗಳಿಗೆ ಬೆಲೆ ಜಾಸ್ತಿ ನಿಜ. ಅದಕ್ಕೆಂದು ಹಿಂಜರಿಯಬೇಕಿಲ್ಲ. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಸೃಷ್ಟಿಕರ್ತರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರಿಗೂ ತಕ್ಕ ಬೊಂಬೆಗಳು ಸಿಗದೆ, ಅಗ್ಗದ ಅಂಗಡಿಯಿಂದ ಹಾಂಗ್‌ಕಾಂಗ್‌ನ ಪ್ಲಾಸ್ಟಿಕ್ ವಿಚಿತ್ರಪ್ರಾಣಿಗಳ ಪೊಟ್ಟಣ ತಂದಿದ್ದರು. ಕಬ್ಬಿಣ ತಿನ್ನುವ ‘ರಸ್ಟ್ ಮಾನ್‌ಸ್ಟರ್’ನಂಥ ಹೆಸರಾಂತ ಜೀವಿಗಳು ಹುಟ್ಟಿದ್ದು ಆ ಪೊಟ್ಟಣದಿಂದಲೇ.

ಹಾಗಾಗಿ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಜಾತ್ರೆಗೆ ಹೋದಾಗ, ಚನ್ನರಾಯಪಟ್ಟಣದ ಸಂತೆಯಲ್ಲಿ ಅಡ್ಡಾಡುವಾಗ, ಆಟಿಕೆ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಡೈನೋಸಾರ್ ಕಂಡರೆ ತನ್ನಿ. ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ, ಸೊನ್ನೆ ನಂಬರಿನ ಒಂದು ಬ್ರಷ್, ಹಳೆಯ ಬನಿಯನ್ ತುಂಡು ಸಾಕು. ನವರಾತ್ರಿಗೆ ಬೊಂಬೆ ಕೂರಿಸುವ ಮನೆಯಾದರೆ, ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಅದಕ್ಕೂ ಒಂದಿಷ್ಟು ಜಾಗ ಕೇಳಿ ನೋಡಿ.