ಬ್ರೇಕಿನ ಕೊಳವೆಯೊಳಗಣ ಗಾಳಿ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವಾಗ ದಿಂಬಂ ಘಟ್ಟದ 27 ತಿರುವುಗಳಲ್ಲಿ ಕಾರಿನೊಳಗಣ ನಮ್ಮೆಲ್ಲರ ಪ್ರಾಣವೂ ಬ್ರೇಕಿನ ಕೊಳವೆಯಲ್ಲಿರುವ ತುಸು ದ್ರವವನ್ನೇ ನಂಬಿರುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಕುಂದದೆ ಹರಡುವುದೆಂದು 17ನೆಯ ಶತಮಾನದಲ್ಲಿ ಪಾಸ್ಕಲನು ತೋರಿಸಿದನು. ದ್ರವವು ಬಹುಮಟ್ಟಿಗೆ ಕುಗ್ಗದು, ಗಾಳಿಯಾದರೋ ಕುಗ್ಗುವುದು. ಆದುದರಿಂದ ಕೊಳವೆಯಲ್ಲಿ ಗಾಳಿ ಸೇರಿದರೆ ನಮ್ಮ ಕಾಲಿನ ತುಳಿತವು ಅದನ್ನು ಹಿಂಡುವುದರಲ್ಲಿಯೇ ವ್ಯರ್ಥವಾಗಿ, ಪೆಡಲು ಮೆತ್ತಗಾಗುತ್ತದೆ.

ಈ ಗಾಳಿಯನ್ನು ತೆಗೆಯಲು ಇಬ್ಬರು ಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕೈಪಿಡಿಯಲ್ಲಿ ಹೇಳಿದ ಹೊಸ ಬ್ರೇಕ್ ಆಯಿಲನ್ನು ಡಬ್ಬಿಗೆ ತುಂಬಬೇಕು. ಕೈಪಿಡಿ ಸೂಚಿಸಿದ ಗಾಲಿಯಿಂದಲೇ ಆರಂಭಿಸತಕ್ಕದ್ದು. ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ನಳಿಕೆಯನ್ನು ಸಿಕ್ಕಿಸಿ, ಮತ್ತೊಂದು ತುದಿಯನ್ನು ಸ್ವಲ್ಪ ಆಯಿಲಿರುವ ಸೀಸೆಯಲ್ಲಿ ಮುಳುಗಿಸಬೇಕು. ಒಬ್ಬನು ಪೆಡಲನ್ನು ಮೆಲ್ಲನೆ ತುಳಿದು ಹಿಡಿಯಲಿ. ಇನ್ನೊಬ್ಬನು ನಿಪ್ಪಲನ್ನು ಸಡಿಲಿಸಿ, ಗುಳ್ಳೆಗಳು ಹೊರಟೊಡನೆ ಬಿಗಿಯಲಿ. ಬಿಗಿಯುವ ಮೊದಲು ಕಾಲೆತ್ತಕೂಡದು. ಎತ್ತಿದರೆ ಹೊರಗಿನ ಗಾಳಿಯೂ ಒಳಸೇರುವುದು. ಗುಳ್ಳೆಗಳು ನಿಲ್ಲುವವರೆಗೂ, ಡಬ್ಬಿ ಬರಿದಾಗದಂತೆ ನೋಡಿಕೊಳ್ಳುತ್ತ, ಹೀಗೆಯೇ ಮಾಡಿ ಒಂದೊಂದಾಗಿ ಉಳಿದ ಗಾಲಿಗಳನ್ನೂ ಮುಗಿಸಬೇಕು.

ತೆಗೆದ ಆಯಿಲನ್ನು ಮತ್ತೆ ಬಳಸಕೂಡದು. ಅದು ಗಾಳಿಯಲ್ಲಿರುವ ನೀರಿನಂಶವನ್ನು ಹೀರುವ ಗುಣವುಳ್ಳದ್ದು. ಹೊಸ ಡಾಟ್ 3 ಆಯಿಲು ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ಹೀರಿದ ಮೇಲೆ 140ರಲ್ಲಿಯೇ ಕುದಿಯಬಹುದು. ಇಳಿಜಾರಿನಲ್ಲಿ ಬ್ರೇಕು ಕಾದಾಗ ಏಳುವ ಆ ಆವಿಯೂ ಗಾಳಿಯಂತೆಯೇ ಕುಗ್ಗಿ ಮೋಸ ಮಾಡುವುದು.

ಇಷ್ಟಾದರೂ ಪೆಡಲು ಗಟ್ಟಿಯಾಗದಿದ್ದರೆ ಕಾರನ್ನು ರಸ್ತೆಗಿಳಿಸದೆ ಮೆಕ್ಯಾನಿಕನನ್ನು ಮನೆಗೆ ಕರೆಸುವುದೇ ಲೇಸು.